ಮೇಲ್ಬಾಣ

ಮಹಬೂಲದ ನಮ್ಮ ಕೋಣೆಯಲ್ಲಿ ಜೂನ್ ಬಂತೆಂದರೆ
ನಲ್ಲಿಯಲ್ಲಿ ಕುದಿನೀರು,
ಆರಿಸಿಟ್ಟ ಗೀಸರಿನಲ್ಲಿ ತಣ್ಣೀರು.
ಎಲ್ಲ ತಲೆಕೆಳಗು ಮಾರಾಯ, ಅನ್ನುತ್ತಿದ್ದ ಲಿಗೋರಿ,
ಡಕ್ಟಿನ ಧೂಳು ಕೊಡವುತ್ತ.

ಶುಕ್ರವಾರದ ಸಂತೆಯಲ್ಲಿ ನಾಲ್ಕು ದಿನಾರಿಗೆ ತಂದ ಲ್ಯಾಪ್‌ಟಾಪು.
ಮೌಸ್ ಇಲ್ಲ, ಬೆರಳುಜ್ಜುವ ಚೌಕ ಸತ್ತಿದೆ,
‘ಎನ್’ ಕೀಲಿ ಹಾರಿಹೋಗಿ ರಬ್ಬರಿನ ಒಂದು ಮೊಟ್ಟು ಮಾತ್ರ,
ಉಗುರೂರಿ ಒತ್ತಿದಾಗ ಬಿದ್ದರೆ ಬಿತ್ತು.
ವಿಂಡೋಸು ಗಿಂಡೋಸು ಹೊರಲಾರದ ಮುದಿ ಯಂತ್ರ.
ಜೆರಾಕ್ಸ್ ಅಂಗಡಿಯ ನೇಪಾಳಿ ಹುಡುಗ ದಿಲ್‌ಕುಮಾರ
ಅದಕ್ಕೊಂದು ಕಪ್ಪು ಪರದೆ ಹಾಕಿಕೊಟ್ಟ,
ಮೂಲೆಯಲ್ಲಿ ಮಿಣುಕುವ ಒಂದು ಬಿಳಿ ಗೆರೆ,
ಅಷ್ಟೇ.
ಖುಬ್ಬೂಸಿನ ಬಿಲ್ಲಿನ ಹಿಂದೆ ಬರೆದೂ ಕೊಟ್ಟ:
ಮೊದಲು ಎಮ್ಯುಲೇಟರಿನ ಹೆಸರು, ಒಂದು ಸ್ಪೇಸು,
ಎರಡು ಅಡ್ಡಗೆರೆ, ಫುಲ್‌ಸ್ಕ್ರೀನು, ಇನ್ನೊಂದು ಸ್ಪೇಸು,
ಆಮೇಲೆ ಆಟದ ಫೈಲು. ಕೊನೆಗೆ ಎಂಟರ್.
ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಹುಷಾರು.

‘ಇಲ್ಲಿಯೂ ಸ್ಪೇಸಿಗೆ ಬೆಲೆಯುಂಟಾ?’
ಬೆಡ್‌ಸ್ಪೇಸಿಗೆ ತಿಂಗಳಿಗೆ ಇಪ್ಪತ್ತೈದು ದಿನಾರು ತೆರುವ ಲಿಗೋರಿ
ನಕ್ಕು ನಕ್ಕು ಕೆಮ್ಮಿದ.

ಅವನಿಗೆ ಬೇಕಾದದ್ದು ಒಂದೇ ಆಟ.
ತೊಂಬತ್ತಮೂರರಲ್ಲಿ ಜಾಬ್ರಿಯಾದ ಒಂದು ಮನೆ,
ಎಸಿಗೆ ಗ್ಯಾಸು ತುಂಬಿ, ತಂಪಾಗಲೆಂದು ಕಾಯುವ ಅರ್ಧ ತಾಸು.
ಆ ಮನೆಯ ಹುಡುಗ ಮಿಶಾರಿ, ಜತೆಗೆ ಯಾರೂ ಇಲ್ಲದೆ,
ಎರಡನೇ ಕಂಟ್ರೋಲರನ್ನು ಇವನ ಎಣ್ಣೆಗೈಗೆ ತುರುಕಿದನಂತೆ.
ಮುತ್ತು ಹೆಕ್ಕಲು ಮುಳುಗುವ ಇಬ್ಬರು ಪುಟಾಣಿಗಳು,
ಒಬ್ಬ ಕೆಂಪು, ಒಬ್ಬ ಹಸಿರು,
ಉಸಿರಿನ ಪಟ್ಟಿ ಮೇಲ್ಗಡೆ ಸವೆಯುತ್ತ ಸವೆಯುತ್ತ.
ಹೆಸರು? ಗೊತ್ತಿಲ್ಲ. ಕ್ಯಾಸೆಟ್ಟಿನ ಲೇಬಲು ಹರಿದಿತ್ತು.
‘ಊದಿದರೆ ಹತ್ತುತ್ತಿತ್ತು ಮಾರಾಯ. ಇದಕ್ಕೆ ಎಲ್ಲಿ ಊದುವುದು?’

ಪೆನ್‌ಡ್ರೈವಿನಲ್ಲಿ ಆರುನೂರ ಹದಿನೇಳು ಆಟ,
ಜಪಾನಿ ಹೆಸರೆಲ್ಲ ಉದುರಿ ಬರಿಯ ಅಂಕಿ.
ರಾತ್ರಿ ಹತ್ತರ ಮೇಲೆ ಒಂದೊಂದೇ ತೆರೆಯುತ್ತಿದ್ದ.
ವಿಮಾನ. ಕಾರು. ಮತ್ತೆ ವಿಮಾನ.
ಸದ್ದು ಬಂದು ಚಿತ್ರ ಬಾರದ್ದು, ಚಿತ್ರ ಬಂದು ಬಣ್ಣ ಕೆಟ್ಟದ್ದು.
ನಾನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ,
ನೀರಿನ ಕ್ಯಾನು ಹೊತ್ತ ಭುಜ, ಬೆಳಗ್ಗೆ ನಾಲ್ಕಕ್ಕೆ ವ್ಯಾನು.
ಸಿಕ್ಕಿದ ದಿನ ನೀನು ಹಸಿರಿನವನಾಗಬೇಕು, ಐದೇ ನಿಮಿಷ, ಅಂದ.
ಹೂಂ ಅಂದೆನೋ, ಗೊರಕೆ ಹೊಡೆದೆನೋ.

ಕಂಪೆನಿ ಅವನನ್ನು ಖಫ್ಜಿಗೆ ಎತ್ತಿ ಹಾಕಿತು.
‘ಇದು ನಿನಗಿರಲಿ, ಗಡಿಯಲ್ಲಿ ಬಿಚ್ಚಿಸಿ ನೋಡುತ್ತಾರೆ’ ಅಂದು ಹೋದ.
ವಾರದೊಳಗೆ ಅವನ ಹಾಸಿಗೆಗೆ ಬೇರೊಬ್ಬ.

ನಿನ್ನೆ ಹೊರಗೆ ತೂಝ್. ಬೀದಿ ದೀಪವೂ ಕೆಂಧೂಳಿ.
ಕಿಟಕಿಯಂಚಿಗೆ ಒದ್ದೆ ಟವೆಲು ತುರುಕಿ
ಸುಮ್ಮನೆ ಲ್ಯಾಪ್‌ಟಾಪು ತೆರೆದೆ.
ಬಿಲ್ಲು ಕಳೆದಿತ್ತು. ಏನು ಟೈಪಿಸಬೇಕೆಂದೇ ಮರೆತಿತ್ತು.
ಮೇಲ್ಬಾಣ ಒತ್ತಿದೆ.

ಅವನು ಕೊನೆಗೆ ಟೈಪಿಸಿದ್ದು ಎದ್ದು ಬಂತು.
ಮತ್ತೆ ಒತ್ತಿದರೆ ಅದರ ಹಿಂದಿನದು,
೨೩೮, ೨೩೭, ೨೩೭, ೨೩೭,
‘ಎನ್’ ಬೀಳದ ಫುಲ್‌ಸ್ಕ್ರೀ,
ಸ್ಪೇಸು ಮರೆತ ಸಾಲು, ತಿದ್ದಿದ ಸಾಲು, ತಿದ್ದಿ ಕೆಡಿಸಿದ ಸಾಲು,
ರಾತ್ರಿಗಳು ಹಿಂದುಮುಂದಾಗಿ ಒಂದೊಂದೇ.
ನಡುವೆ, ಇಂಗ್ಲಿಷ್ ಅಕ್ಷರದಲ್ಲಿ, ಆಟವಲ್ಲದ್ದೊಂದು:

ಇದ್ದೆ ಬತಾ

ಇದೆಂಥದು ಅಂತ ತುಸು ಹೊತ್ತು ನೋಡಿದೆ.
ಆಮೇಲೆ ರಬ್ಬರಿನ ಮೊಟ್ಟು ಕಂಡಿತು.
ಎರಡು ‘ಎನ್’ ಹಾಕಿ ಓದಿದೆ:
ನಿದ್ದೆ ಬಂತಾ.

ನನ್ನ ಬೆನ್ನಿಗೆ ಕೇಳಲಾಗದೆ ಯಂತ್ರಕ್ಕೆ ಕೇಳಿದ್ದ.
ಅದೇನು ಹೇಳಿತ್ತೋ ಅಂತ ನಾನೂ ಎಂಟರ್ ಒತ್ತಿದೆ.
ಅಂಥ ಆಜ್ಞೆ ಯಾವುದೂ ಇಲ್ಲ, ಅಂದಿತು.
ಬಿಳಿ ಗೆರೆ ಮಿಣುಕುತ್ತ ಕೂತಿತು.

ಉಗುರೂರಿ ಒಂದೊಂದೇ ಅಕ್ಷರ ಒತ್ತಿ ೨೩೯ ತೆರೆದೆ.
ವಿಮಾನ.

ಖಫ್ಜಿಗೆ ಮೆಸೇಜು ಹಾಕಿದೆ: ೨೩೯, ವಿಮಾನ.
ತುಂಬ ಹೊತ್ತು ಏನೂ ಇಲ್ಲ. ಗಾಳಿ ಕಿಟಕಿ ಬಡಿಯುತ್ತಿತ್ತು.
ಆಮೇಲೆ ಬಂತು:
೨೪೦?