ಏಳು ತೆಂಗು

ಆಗರವಾಡೆಯಲ್ಲಿ ಗಂಡಿಯ ಬಾಗಿಲಿಗೆ ಮಾನಸ್ ಅಂತಾರೆ.
ಅಘನಾಶಿನಿ ದಡದಲ್ಲಿ ಹುಟ್ಟಿದ ನನ್ನ ಕಿವಿಗೆ
ಅದು ಮನಸ್ಸು ಅಂತಲೇ ಕೇಳೋದು.
ಮನಸ್ಸು ಎತ್ತಿ, ಭರತ ಬಂತು, ಅಂತ ಗುಣೋ ಬಾಗ್ಲಿ ಕೂಗಿದರೆ
ನಾನೂ ಹೊನ್ನಪ್ಪನೂ ಹಲಗೆ ಎತ್ತುತ್ತಿದ್ದೆವು,
ಶಾಪೋರಾ ಹೊಳೆ ಮೊಣಕಾಲವರೆಗೆ ಒಳಗೆ ಬರುತ್ತಿತ್ತು.

ಆ ವರ್ಷ ಉಪ್ಪು ಚೆನ್ನಾಗಿ ಬಿತ್ತು.
ಕೊಳ್ಳುವವರು ಬರಲಿಲ್ಲ.
ಘಟ್ಟದ ಲಾರಿ ಇಲ್ಲ, ಮೀನು ಒಣಗಿಸುವವರಿಲ್ಲ,
ತೆಂಗಿನ ಬುಡಕ್ಕೆ ಮೂಟೆಗಟ್ಟಲೆ ಒಯ್ಯುತ್ತಿದ್ದ ಭಾಟಕಾರರು
ಗೇಟಿನೊಳಗಿಂದಲೇ ಕೈ ಆಡಿಸಿದರು.
ಪೊಳೆಂ ಗಡಿ ಮುಚ್ಚಿತ್ತು. ಊರಿಗೆ ಹೋಗಲಾರದವರು
ಇನ್ನೇನು ಮಾಡುತ್ತಾರೆ, ಉಪ್ಪು ಎಳೆದೆವು.
ಮಡಲು ಹೊದ್ದ ರಾಶಿ ಒಂದು, ಅದರಾಚೆ ಇನ್ನೊಂದು,
ನಮ್ಮ ಗುಡಿಸಲಿಗಿಂತ ಅವಕ್ಕೇ ಒಳ್ಳೆ ಮಾಡು.

ರೈತರಿಗೆ ಪರಿಹಾರ ಅಂತ
ಬಾಗ್ಲಿಯ ಮೊಮ್ಮಗಳು ಸಾಯಲಿ ಮೊಬೈಲಿನಲ್ಲಿ ಓದಿ ಹೇಳಿದಳು.
ಪೇಡ್ಣೆಯ ಕಚೇರಿ. ಹಗ್ಗ ಕಟ್ಟಿದ್ದರು. ಹಗ್ಗದ ಈಚೆ
ಬಾಗ್ಲಿ, ಅವನ ಕಾಗದದ ಚೀಲ ಹಿಡಿದು ನಾನು.

ಬೆಳೆ? ಅಂದರು ಸಾಹೇಬರು.
ಉಪ್ಪು.
ಬೆಳೆ ಕೇಳಿದ್ದು ನಾನು.
ನನ್ನ ಅಜ್ಜ ಬೆಳೆದದ್ದು ಅದನ್ನೇ, ಅಂದ ಬಾಗ್ಲಿ.

ಕೆಟ್ಟ ಮನುಷ್ಯರಲ್ಲ ಅವರು.
ಮಾಸ್ಕಿನ ಉಸಿರಿಗೆ ಮಂಜಾದ ಕನ್ನಡಕ ಒರೆಸಿ ಒರೆಸಿ
ಕಂಪ್ಯೂಟರಿನ ಪಟ್ಟಿ ಮೇಲಿಂದ ಕೆಳಗೆ ಎಳೆದರು:
ಭತ್ತ, ಗೇರು, ಮಾವು, ಅನಾನಸು, ಕಬ್ಬು, ಕಾಳುಮೆಣಸು.
ಉಪ್ಪು ಬೀಳುತ್ತದೆ, ಎಳೆಯುತ್ತೇವೆ, ಬೆಳೆಯುತ್ತದೆ,
ಮೂರು ಮಾತೂ ನಮಗೆ ಸರಿಯೇ.
ಕಂಪ್ಯೂಟರಿಗೆ ಒಂದೂ ಆಗಿಬರಲಿಲ್ಲ.

ದಂಡೆಯ ಮೇಲೆ ಏನಾದರೂ ಇದೆಯೋ? ಕೇಳಿದರು ಕೊನೆಗೆ.
ತೆಂಗು. ಏಳು.
ಒಂದಕ್ಕೆ ಸಿಡಿಲು ಬಡಿದಿದೆ, ಅಂತ ನಾನು ಬಾಯಿ ಹಾಕಿದೆ.
ಅವರು ಕೇಳಿಸಿಕೊಳ್ಳದ ಹಾಗೆ ಏಳು ಅಂತ ಬರೆದರು.

ಮಳೆ ಹಿಡಿಯಿತು. ಮಡಲಿನಡಿ ರಾಶಿ
ರಾತ್ರಿ ಸದ್ದಿಲ್ಲದೆ ಕುಗ್ಗುವುದು,
ಬೆಳಿಗ್ಗೆ ಅಳೆಯಲು ಯಾರಿಗೂ ಧೈರ್ಯ ಬಾರದು.
ಆಷಾಢದ ಒಂದು ಮಧ್ಯಾಹ್ನ ಮೊಬೈಲು ಕುಂಯ್ ಅಂದಿತು.
ಸಾವಿರದ ಐವತ್ತು. ಮರಕ್ಕೆ ನೂರೈವತ್ತರಂತೆ.

ಬಾಗ್ಲಿ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.
ಆ ತಲೆಯಿಲ್ಲದ ಮರದ ಪಾಲು ನಿಮ್ಮಿಬ್ಬರದು, ಅಂತ
ನೂರೈವತ್ತು ಎಣಿಸಿ ಹಲಗೆಯ ಮೇಲಿಟ್ಟು, ಮೇಲೆ ಕಲ್ಲು ಇಟ್ಟ.
ಎರಡು ತಿಂಗಳ ಕೂಲಿಯ ಮಾತು ಅವನು ತೆಗೆಯಲಿಲ್ಲ,
ನಾವೂ ತೆಗೆಯಲಿಲ್ಲ. ಉಪ್ಪು, ಹೊರುವಷ್ಟು ಹೊತ್ತುಕೊಳ್ಳಿ ಅಂದ.
ಆ ಮರಗಳು ವರ್ಷಾ ವರ್ಷಾ ತಿಂದದ್ದು ನಮ್ಮದೇ ಉಪ್ಪು;
ಈಗ ಋಣ ತೀರಿಸಿದವು ಅನ್ನೋಣವೇ?
ಬೇಡ. ನೂರೈವತ್ತಕ್ಕೆ ಅಷ್ಟು ದೊಡ್ಡ ಮಾತು ಬೇಡ.

ಗಡಿ ಬಿಟ್ಟ ದಿನ ಪೊಳೆಂನಲ್ಲಿ
ಹಣೆಗೆ ಪಿಸ್ತೂಲು ಹಿಡಿದರು. ಜ್ವರ ಇಲ್ಲ ಅಂದಿತು ಅದು.
ಚೀಲ ಬಿಚ್ಚಿಸಿದ ಎಳೇ ಪೊಲೀಸ. ಏನಿದು?
ಬೇರೆ ಕಾಲವಾಗಿದ್ದರೆ ಚಿಟಿಕೆ ತೆಗೆದು
ನಾಲಿಗೆಗೆ ಹಚ್ಚಿಕೊಂಡು ಹೋಗು ಅನ್ನುತ್ತಿದ್ದ.
ಬಾಯಿ ಕಟ್ಟಿಕೊಂಡವನು ನನ್ನ ಬಾಯಿಯನ್ನೇ ನೋಡಿದ.

ಬೆಳೆ ಅನ್ನಲೋ, ಕೂಲಿ ಅನ್ನಲೋ
ಅಂತ ನಾನು ತಡವರಿಸುತ್ತಿದ್ದರೆ, ಹಿಂದಿನಿಂದ ಹೊನ್ನಪ್ಪ:
ಉಪ್ಪು ಮಾರಾಯ, ಉಪ್ಪು.
ನೆನೆಯೋದರೊಳಗೆ ಕಟ್ಟಿಕೊಳ್ಳೋಕೆ ಬಿಡು.

ಮಳೆ ಆಗಲೇ ಕಾರವಾರದ ಕಡೆಯಿಂದ
ರಸ್ತೆ ಹಿಡಿದು ಬರುತ್ತಿತ್ತು.