ಹದಿನಾರು ಸಾವಿರದ ಮುನ್ನೂರ ಎಂಬತ್ತಮೂರು

ಓದ್ರಾ ನದಿಯ ಮೇಲೆ ಮಂಜು ಇನ್ನೂ ಗಟ್ಟಿಯಾಗದ ತಿಂಗಳು.
ವ್ರೊತ್ಸ್ವಾಫ್ ನಗರ, ನೆಲಮಾಳಿಗೆಯ ಪ್ರಯೋಗಶಾಲೆ,
ಮೇಜಿನ ಮೇಲೆ ಹಳೆಯ ಲಾಕ್-ಇನ್ ಆಂಪ್ಲಿಫೈಯರ್.
ಮೂರು ಗುಂಡಿಗಳ ಅಕ್ಷರ ಅಳಿಸಿಹೋಗಿವೆ,
ಯಾವುದು ಏನೆಂದು ಪಾನ್ ಇಗ್ನಾತ್ಸಿಯ ಹೆಬ್ಬೆರಳಿಗೆ ಮಾತ್ರ ಗೊತ್ತು.

ಅವರು ನನಗೆ ಕಲಿಸಿದ್ದು ಹೀಗೆ:
"ಬೋಗ್ನಾ, ಇದು ಕಿವಿಯಲ್ಲ, ಹಟ.
ಒಂದು ತಾಳ ಕೊಡು. ಆ ತಾಳಕ್ಕೆ ಹೆಜ್ಜೆ ಹಾಕಿ ಬಂದದ್ದನ್ನಷ್ಟೇ
ಒಳಗೆ ಬಿಟ್ಟುಕೊಳ್ಳುತ್ತದೆ.
ಕಾಲು ಸುತ್ತು ತಡವಾದವನಿಗೆ ಪಕ್ಕದ ಕಿಟಕಿ.
ಉಳಿದವರು ಬೀದಿಯಲ್ಲಿ ಕೂಗಾಡಿಕೊಳ್ಳಲಿ."

ಆ ಬೀದಿಯಲ್ಲಿ ಯಾರಿಲ್ಲ!
ಗೋಡೆಯೊಳಗಿನ ತಂತಿಗಳ ಐವತ್ತರ ಗುಂಯ್ ಗುಂಯ್,
ಅದರ ನೆಂಟರು ನೂರು, ನೂರೈವತ್ತು,
ತಿರುವಿನಲ್ಲಿ ಕಿರುಗುಟ್ಟುವ ಟ್ರಾಮು,
ಮೇಲಿನ ಮಹಡಿಯ ಪಂಪು, ನನ್ನದೇ ಕೈಬಿಸಿ.
ಇವೆಲ್ಲದರ ಅಡಿಯಲ್ಲಿ ಕೂದಲೆಳೆಯಷ್ಟು ವೋಲ್ಟೇಜು
ನಾವು ಕೊಟ್ಟ ನೂರಾ ಮೂವತ್ತೇಳಕ್ಕೆ
ತಲೆದೂಗುತ್ತ ಕೂತಿದೆ.

ನಿನ್ನೆ ರಾತ್ರಿ ಹತ್ತೂವರೆಗೆ ದಾಖಲೆ ಶುರುಮಾಡಿದೆ.
ಉಗುರಿನಷ್ಟು ಲೋಹದ ಪೊರೆ
ಹೀಲಿಯಮ್ಮಿನ ತಣ್ಪಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.
ಎಲ್ಲೋ ಒಂದು ಮೆಟ್ಟಿಲಲ್ಲಿ ಅದು
ಮೈಮೇಲಿನ ತಡೆಯನ್ನೆಲ್ಲ ಕಳಚಿಡಬೇಕು.
ಆ ಇಳಿಜಾರು ನನಗೆ ಬೇಕಿತ್ತು, ಎರಡು ವರ್ಷದಿಂದ.
ದುರಾಸೆ: ಸೆಕೆಂಡಿಗೊಂದು ಬಿಂದು ಎಂದು ಒತ್ತಿ,
ಒಂದು ಗಂಟೆ ಕಾದು, ಮನೆಗೆ ಹೊರಟೆ.

ಬೆಳಿಗ್ಗೆ ಪರದೆಯ ಮೇಲೆ ಒಂದು ಗೆರೆ.
ಹನ್ನೊಂದೂಮುಕ್ಕಾಲಿನ ಹತ್ತಿರ ಸಣ್ಣ ಉಬ್ಬು
(ನಾನು ಹತ್ತಿದ ಟ್ರಾಮು),
ಆಮೇಲೆ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ.
ಮೂರು ಗಂಟೆ ಮೂರು ನಿಮಿಷ ಮೂರು ಸೆಕೆಂಡಿಗೆ
ತುಂಡು.
ಹದಿನಾರು ಸಾವಿರದ ಮುನ್ನೂರ ಎಂಬತ್ತಮೂರು ಬಿಂದು:
ಪೆಟ್ಟಿಗೆಯ ನೆನಪಿನಲ್ಲಿ ಇರುವುದೇ ಅಷ್ಟು ಜಾಗ.
ತುಂಬಿದ ಮೇಲೆ ಅದು ನಿಲ್ಲಿಸಿದ್ದು ಬರೆಯುವುದನ್ನು,
ಅಳೆಯುವುದನ್ನಲ್ಲ.
ಹಸಿರು ಅಂಕಿಗಳು ಬೆಳಗಿನವರೆಗೂ ಬದಲಾಗುತ್ತಲೇ ಇದ್ದವು
ಖಾಲಿ ಕುರ್ಚಿಯೆದುರು.

ಖಾಲಿಯಲ್ಲ.
ನಿವೃತ್ತರಾಗಿ ಆರು ವರ್ಷವಾದರೂ
ಬೀಗದಕೈ ಹಿಂದಿರುಗಿಸಲು ಇನ್ನೂ ಮರೆತಿರುವ ಪಾನ್ ಇಗ್ನಾತ್ಸಿ
ಹೀಲಿಯಮ್ ಎಷ್ಟು ಉಳಿದಿದೆ ನೋಡಲು ನಡುರಾತ್ರಿ ಬಂದವರು
ಅಲ್ಲೇ ಕೂತಿದ್ದರಂತೆ.
ಬ್ರೆಡ್ಡು ಸುತ್ತಿದ್ದ ಕಾಗದದ ಹಿಂದೆ, ಮೊಂಡು ಪೆನ್ಸಿಲಿನಲ್ಲಿ:
ನಾಲ್ಕು ಹನ್ನೆರಡು, ಎಂಟೂವರೆ.
ನಾಲ್ಕು ಹದಿನೈದು, ಎಂಟು.
ನಾಲ್ಕು ಹತ್ತೊಂಬತ್ತು, ಆರೂಕಾಲು.
ಆಮೇಲೆ ಬೆಣ್ಣೆಯ ಕಲೆ.
ಕಲೆಯಾಚೆ, ನಾಲ್ಕು ಮೂವತ್ತೊಂದು, ಸೊನ್ನೆ. ಕೆಳಗೆ ಎರಡು ಗೀಟು.

"ನಡುವೆ?"
"ನಡುವೆ ಹಸಿವಾಗಿತ್ತು," ಅಂದರು.

ನಾನು ಅಳಲಿಲ್ಲ. ನಗಲೂ ಇಲ್ಲ. ಕೆಟಲ್ ಹಚ್ಚಿದೆ.
ನೀರು ಕಾಯುವಾಗ ಅವರೇ ಹೇಳಿದರು:
"ಪೆಟ್ಟಿಗೆಗೆ ಮೂರು ಸೆಕೆಂಡು ತಾಳು ಎಂದವಳು ನೀನು.
ತಾಳುತ್ತಿರುವವನನ್ನು ಸೆಕೆಂಡಿಗೊಮ್ಮೆ ತಿವಿದು ಕೇಳಿದರೆ
ಹಳೆಯ ಉತ್ತರವನ್ನೇ ತುಸು ಒರೆಸಿ ಕೊಡುತ್ತಾನೆ.
ಹಾಗಂತ ನನ್ನ ಹಾಗೆ ತಿಂಡಿ ತಿನ್ನುತ್ತ ಕೇಳಿದರೆ
ಪ್ರಪಾತವೇ ತಪ್ಪಿಹೋಗುತ್ತದೆ."

ತಾಳ ಕೊಟ್ಟಿದ್ದೆ. ತಾಳು ಎಂದೂ ಹೇಳಿದ್ದೆ, ಯಂತ್ರಕ್ಕೆ.

ಇವತ್ತು ನಾಲ್ಕು ಸೆಕೆಂಡಿಗೊಂದು ಬಿಂದು. ಹದಿನೆಂಟು ಗಂಟೆ ಸಾಲುತ್ತದೆ.
ಡಬ್ಬಿಯಲ್ಲಿ ಇಬ್ಬರಿಗೂ ಬ್ರೆಡ್ಡು, ಬೆಣ್ಣೆಯಿಲ್ಲದ್ದು.
ದಿನಚರಿ ಪುಸ್ತಕಕ್ಕೆ ಆ ಕಾಗದ ಅಂಟಿಸಿ
ಕಲೆಯ ಸುತ್ತ ಮೆಲ್ಲಗೆ ಒಂದು ವೃತ್ತ ಎಳೆದೆ:
ಇದರೊಳಗೆಲ್ಲೋ
ಅದು ಬಿಟ್ಟುಕೊಟ್ಟಿತು.