ಆರು ಇಂಚಿಗೊಂದು

ಹನ್ನೊಂದಕ್ಕ ಕೂಗ್ತೀವಿ ಅಂದವರು
ಉಣ್ಣೂ ಹೊತ್ತಾದರೂ ಕೂಗಿಲ್ಲ.
ಸಿಂಧನೂರ ಕೋರ್ಟಿನ ಪಡಸಾಲ್ಯಾಗ
ಕಂಬಕ್ಕ ಬೆನ್ನು ಕೊಟ್ಟು ಕುಂತೀನಿ.
ಈ ಫರಸಿ ಕೆಳಗ ಸೆಂಟ್ರಿಂಗ್ ನಜೀರನ
ಎಡಗಾಲ ಚಪ್ಪಲಿ ಐತಿ,
ಮರಂ ತುಂಬುವಾಗ ಹೋಗಿದ್ದು.
ಇದು ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.

ಬಾಗಿಲ ಬಾಜೂಕ ಕರೀ ಕಲ್ಲು:
ಮಂತ್ರಿ ಹೆಸರು, ಇಲಾಖೆ ಹೆಸರು,
ಕಡೀ ಸಾಲಿಗೆ, ಗುತ್ತಿಗೆದಾರರು ಪಂಪನಗೌಡ.
ಗೌಡರು ಬಂದಿದ್ದು ಮೂರೇ ಸಲ:
ಗುದ್ದಲಿ ಪೂಜೆಗೆ, ಬಿಲ್ಲಿಗೆ, ಫೋಟೋಕ್ಕ.
ಲೈಸೆನ್ಸು ಅವರದು, ಬೆನ್ನು ನಂದು,
ನೂರಕ್ಕ ಹತ್ತು ಅವರಿಗೆ.
ಹಂಗೇ ನಡೀತೈತಿ ಈ ಕಡೆ,
ಎಡದಂಡಿ ಕಾಲುವಿ ನಡದಂಗ,
ಮ್ಯಾಲಿನವ ತೂಬು ಎತ್ತಿದಷ್ಟು
ಕೆಳಗಿನವನ ಗದ್ದಿಗೆ.

ವಕೀಲಮ್ಮ, ಸಣ್ಣ ವಯಸ್ಸು,
ನಿಂತಲ್ಲೇ ಫೈಲು ತೆಗೆದು ಅಂದಳು:
“ಬಂದಗೀಸಾಬ, ಮಾಸ್ತರು ಕೊಡಬೇಕಾದ
ಒಂದು ಲಕ್ಷ ನಲವತ್ತು ಸಾವಿರ ಮರೀರಿ.
ಕರಾರು ಗೌಡರ ಹೆಸರಿಲೆ ಐತಿ.
ಕೇಳಾಕ ಹೋದರ, ನೀ ಯಾರು ಅಂತಾರ.”
ಮತ್ತ ಕೇಸು?
“ಕೇಸು ನಿಮ್ಮ ಹೆಸರಿಲೆ.
ಗೌಡರು ಬರಕೊಟ್ಟಾರ,
ಇವನ ಮಾರಿ ಸೈತ ನೋಡಿಲ್ಲ ಅಂತ.”

ಐವತ್ತೊಂದು ವರ್ಷಕ್ಕ ಮೊದಲ ಸಲ
ಒಂದು ಕಟ್ಟಡದ ಕಾಗದದಾಗ
ನನ್ನ ಹೆಸರು ಪೂರಾ ಬಂತು, ತಂದಿ ಹೆಸರು ಸಮೇತ.
ಉದ್ಯೋಗ ಅಂದಲ್ಲಿ ಪೊಲೀಸಪ್ಪ
ಗುತ್ತಿಗೆದಾರ ಅಂತ ಬರದು, ಗೀಟು ಹೊಡದು,
ಗೌಂಡಿ ಅಂತ ಬರದಾನ.
ಗೀಟಿನ ಅಡಿಯಾಗ ಇನ್ನೂ ಓದಾಕ ಬರ್ತೈತಿ.

ಅನ್ಯಾಯ ಅಂತ ಒದರಬೇಕಿತ್ತು ನಾನು.
ಗಂಟಲತನಾ ಬಂತು.
ಆದರ ತಲಿ ಎತ್ತಿದರ ಈ ಛತ್ತು.

ಇದನ್ನ ಹಾಕೂ ದಿನ ರಾಯಚೂರಿಂದ
ಇಂಜಿನಿಯರ್ ಬಂದಿದ್ದ, ಮೀಸಿ ಚಿಗುರದ ಹುಡುಗ.
ಮೇ ತಿಂಗಳ ಬಿಸಿಲಿಗೆ ಕಾದ ರಾಡಿನ ಮ್ಯಾಲೆ
ಮೊಣಕಾಲೂರಿ, ಟೇಪು ಹಿಡದು
ಒಂದೊಂದು ಎಣಿಸಿದ. ಆರು ಇಂಚಿಗೊಂದು.
ಎರಡು ಕಡೆ ಏಳಾಗಿತ್ತು. ಬಿಚ್ಚಿಸಿದ.
ಮನಸಿನ್ಯಾಗ ಅವನ ವಂಶಾನೇ ಬೈದಿದ್ದೆ.
ಒಂಬತ್ತು ಮಳಿಗಾಲ ಹೋದವು,
ಕೂದಲೆಳಿಯಷ್ಟು ಬಿರುಕಿಲ್ಲ.
ಅದರ ಕೆಳಗ ಫ್ಯಾನಿನ ಗಾಳಿಗೆ ಕುಂತು
ಸಾಹೇಬರು ವಿಚಾರಣಾ ಮಾಡ್ತಾರ,
ನನ್ನ ಕೈಗೆ ಕಟ್ಟಾಕ ಬರ್ತೈತೋ ಇಲ್ಲೋ ಅಂತ.

ಮಾಸ್ತರ ಮನಿಯಾಗ ಯಾರೂ ಎಣಿಸಲಿಲ್ಲ.
ಛಜ್ಜಾ ಅಲ್ಲೇನು, ಎರಡೂವರಿ ಅಡಿ,
ಅಂದರು ಮಾಸ್ತರು. ಅಂದೆ ನಾನೂ.
ಹತ್ತು ಇಂಚಿಗೊಂದು.
ಮ್ಯಾಲೆ ಇರಬೇಕಾದ ರಾಡು
ಹುಡುಗರ ಕಾಲಿಗೆ ಸಿಕ್ಕು ಕೆಳಗ ಕುಂತಿತ್ತು.
ಕಣ್ಣಿಗೆ ಬಿತ್ತು. ಎತ್ತಿ ಕಟ್ಟಸ್ತೀನಿ ಬಿಡು ಅಂತ
ಚಾ ಕುಡಿಯಾಕ ಹೋದೆ.
ಬರೋದರೊಳಗ ಮಾಲು ಬಿದ್ದಿತ್ತು.

ಬೊಂಬು ಕಳಚಿದ ದಿನ ಯಂಕಮ್ಮ
ಅದರ ಕೆಳಗ ಬುಟ್ಟಿ ತೊಳೀತಿದ್ದಳು.

ಬದುಕ್ಯಾಳ.
ಬಳ್ಳಾರಿ ದವಾಖಾನ್ಯಾಗ ಬಲಗಾಲಿಗೆ ರಾಡು ಹಾಕ್ಯಾರ.
ಹಾಕಿದ ಡಾಕ್ಟರ ಸರ್ಟಿಫಿಕೇಟು ಗ್ವಾಡಿಗೆ ತೂಗುಹಾಕಿತ್ತು,
ಗಾಜಿನೊಳಗ, ಇಂಗ್ಲಿಷಿನಾಗ.
ಒಂದಕ್ಷರ ತಿಳೀಲಿಲ್ಲ, ಆದರೂ
ಬಾಳೊತ್ತು ಅದರ ಮುಂದ ನಿಂತೆ.
ಯಂಕಮ್ಮ ಕೇಳಿದಳು, “ಸಾಬ, ಪಗಾರ ಶನಿವಾರ ಕೊಡ್ತೀರಿಲ್ಲ?”

ಜವಾನ ಹೊರಗ ಬಂದ.
ಮೂರು ಸಲ ಕೂಗಬೇಕಂತ, ರೂಲು.
ಒಂದನೇದಕ್ಕೇ ಎದ್ದೆ.
ಹೋಗೂಮುಂದ, ಹಳೇ ಚಟ,
ಬೆರಳ ಗೆಣ್ಣಿಲೆ ಕಂಬ ಬಡದೆ.
ಗಟ್ಟಿ ಸಪ್ಪಳ.